ಚೆರ್ರಿ ಮರದಲ್ಲಿ ಐದು ನಕ್ಷತ್ರ

ಮುದುಕಿ ಗುರ್ಲಿಯ ಚೆರ್ರಿ ಮರಕ್ಕೆ ಆ ವರ್ಷ ಕಬ್ಬಕ್ಕಿಗಳ ಕಾಟ ಹೆಚ್ಚಾಗಿದ್ದೇ ಎಲ್ಲದಕ್ಕೂ ಮೂಲ. ಹಣ್ಣು ಕೆಂಪಾಗುವುದೇ ತಡ, ಕರೆಯೋಲೆ ಬಂದವರ ಹಾಗೆ ಹಿಂಡುಗಟ್ಟಿ ಬಂದು ಕೂರುತ್ತಿದ್ದವು. ಗದರಿಸಿದರೆ ಪಕ್ಕದ ಬೇಲಿಯ ಮೇಲೆ ಕೂತು, ಬೈಗುಳವನ್ನು ಪೂರ್ತಿ ಕೇಳಿಸಿಕೊಂಡು, ಮತ್ತೆ ಊಟಕ್ಕೆ ಮರಳುತ್ತಿದ್ದವು.

ಆ ಬೇಲಿಯಾಚೆಯ ತೋಟ ಆಸ್ಗರ್ ಬ್ರೊಸ್ಟ್ರೂಪನದು. ಆಸ್ಗರ್ ಆರ್ಹುಸ್ ಪಟ್ಟಣದ ಒಂದು ಪತ್ರಿಕೆಯಲ್ಲಿ ಹೊಸ ರಾಕ್ ಆಲ್ಬಂಗಳಿಗೆ ನಕ್ಷತ್ರ ಹಂಚುವ ವಿಮರ್ಶಕ. ಆರು ನಕ್ಷತ್ರ ಬಿದ್ದರೆ ಅಮೋಘ. ಒಂದೇ ಬಿದ್ದರೆ ಗಿಟಾರ್ ಮಾರಿ ಬೇರೆ ಕಸುಬು ನೋಡಿಕೊಳ್ಳುವುದು ಲೇಸು. ಊರಾಚೆ, ರೈಲು ಹಳಿಯ ಪಕ್ಕದಲ್ಲಿ, ಪೇಟೆಯವರು ಬಾಡಿಗೆಗೆ ಹಿಡಿಯುವ ತುಂಡು ತೋಟಗಳ ಸಾಲಿದೆ. ಬೇಸಿಗೆ ಬಂತೆಂದರೆ ಅವನ ಠಿಕಾಣಿ ಅಲ್ಲಿನ ಮರದ ಗುಡಿಸಲಿನಲ್ಲೇ. ತೀರ್ಪು ಮುಗಿದ ಡಿಸ್ಕುಗಳು ಮಂಚದ ಕೆಳಗೆ ರಾಶಿ ಬಿದ್ದಿರುತ್ತಿದ್ದವು. "ಹೊಳೆಯೋ ತಟ್ಟೆ ತೂಗುಹಾಕಿದ್ರೆ ಹಕ್ಕಿ ಹತ್ರ ಬರಲ್ಲವಂತೆ ಕಣೋ, ಒಂದಷ್ಟು ಕೊಡು," ಎಂದು ಗುರ್ಲಿ ಕೇಳಿದ್ದಕ್ಕೆ, ಶನಿವಾರ ಒಂದು ಬುಟ್ಟಿ ತುಂಬ ಕೊಟ್ಟು ಕೈ ತೊಳೆದುಕೊಂಡ. ಎಪ್ಪತ್ತು ದಾಟಿದ ಆ ಮುದುಕಿ ಸಂಜೆಯೊಳಗೆ ತಾನೇ ಮರ ಹತ್ತಿ ಅಷ್ಟನ್ನೂ ದಾರದಲ್ಲಿ ಕಟ್ಟಿಬಿಟ್ಟಳು.

ಭಾನುವಾರ ಬೆಳಿಗ್ಗೆ ಆಸ್ಗರ್ ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದಾಗ ಬೇಲಿಯ ಮೇಲೆ ಗುರ್ಲಿಯ ತಲೆ ಮೂಡಿತು.

"ಆಸ್ಗರ್, ಮಧ್ಯಾಹ್ನ ನಮ್ಮಲ್ಲೇ ಊಟಕ್ಕೆ ಬಾ. ಮೊಮ್ಮಗಳು ಸಿಡ್ಸೆಲ್ ತನ್ನ ಹುಡುಗನ್ನ ಕರ್ಕೊಂಡು ಬರ್ತಿದಾಳೆ. ಮಾಲ್ಟೆ ಅಂತ. 'ಬೂದು ಗುರುವಾರ' ಅಂತ ಯಾವುದೋ ಗುಂಪಿನ ಹಾಡುಗಾರನಂತೆ. ಮೊನ್ನೆ ಶುಕ್ರವಾರ ನೀನು ಬರೆದಿದ್ದೂ ಅವರ ಆಲ್ಬಮ್ಮೇ ಅಲ್ವಾ? ನಿನ್ನ ನೋಡ್ಲೇಬೇಕು ಅಂತ ಹಟ ಹಿಡಿದಿದಾನಂತೆ."

ಆಸ್ಗರನಿಗೆ ಒಳಗೊಳಗೇ ಹಿಗ್ಗಾಯಿತು. ಅವರಿಗೆ ಐದು ನಕ್ಷತ್ರ ಕೊಟ್ಟಿದ್ದ. ಅದಕ್ಕೊಂದು ಕಾರಣವೂ ಇತ್ತು. ಹಿಂದಿನ ತಿಂಗಳು ಯಾರೋ ಹುಡುಗರಿಗೆ ಎರಡೇ ಕೊಟ್ಟನೆಂದು ಸಂಪಾದಕಿ ಕರೆದು, "ಓದುಗರು ನಿನ್ನನ್ನ ಅಜ್ಜ ಅಂತಿದಾರೆ ಆಸ್ಗರ್, ಸ್ವಲ್ಪ ನೋಡ್ಕೋ," ಎಂದಿದ್ದಳು. ಅವತ್ತೇ ಸಂಜೆ ಆಲೂಗಡ್ಡೆ ಬೇಯಿಸುತ್ತ 'ಬೂದು ಗುರುವಾರ'ದ ಹೊಸ ಆಲ್ಬಂ 'ಕಬ್ಬಿಣದ ತೊಟ್ಟಿಲು' ಹಾಕಿದ. ಆಲೂಗಡ್ಡೆ ಬೆಂದಾಗ ಆಲ್ಬಂ ಇನ್ನೂ ಅರ್ಧ ಉಳಿದಿತ್ತು. ಇಷ್ಟು ಸಾಕೆನಿಸಿತು. "ಸಾಯುವ ತನಕ ಈ ಆಲ್ಬಂ ಕೈಬಿಡಲಾರೆ," ಎಂದು ಬರೆದು ಕಳಿಸಿದ.

ಆ ವಾಕ್ಯ ನೆನಪಾಗಿ ಮುಗುಳ್ನಗುತ್ತ ತಲೆ ಎತ್ತಿದವನ ಕಣ್ಣು ಚೆರ್ರಿ ಮರದ ತುದಿಗೆ ಬಿತ್ತು. ಅಲ್ಲಿ, ರಕ್ತಗೆಂಪು ಬಣ್ಣದ ಮೇಲೆ ಕಪ್ಪು ತೊಟ್ಟಿಲಿನ ಚಿತ್ರವಿದ್ದ ಡಿಸ್ಕೊಂದು ಬಿಸಿಲಿಗೆ ಫಳಫಳ ಹೊಳೆಯುತ್ತ ಗಿರಗಿರ ತಿರುಗುತ್ತಿತ್ತು. ಆಸ್ಗರ್ ಕಾಫಿ ಕೆಳಗಿಟ್ಟ.

"ಗುರ್ಲಿ, ಆ ಕೆಂಪು ತಟ್ಟೆ ವಾಪಸ್ ಕೊಡ್ತೀರಾ? ಬೇಕಾದ್ರೆ ಬೇರೆ ಹತ್ತು ಕೊಡ್ತೀನಿ."

"ಅದೊಂದು ಬಿಟ್ಟು ಏನಾದ್ರೂ ಕೇಳು. ಅದು ಕಟ್ಟಿದ ಮೇಲೆ ಆ ಕೊಂಬೆ ಕಡೆ ಒಂದು ಹಕ್ಕಿಯೂ ಸುಳಿದಿಲ್ಲ. ಉಳಿದವೆಲ್ಲ ದಂಡ. ಆ ನೀಲಿ ತಟ್ಟೆ ಮೇಲಂತೂ ಕೂತು ಉಯ್ಯಾಲೆ ಆಡ್ತವೆ ಮುಂಡೇವು."

ನೀಲಿ ತಟ್ಟೆಯೂ ಅವನು ಹೊಗಳಿದ ಆಲ್ಬಮ್ಮೇ. ಆದರೆ ಅದನ್ನು ಚರ್ಚಿಸುವ ಹೊತ್ತು ಇದಲ್ಲ. ಗುರ್ಲಿ ಮೀನು ಹೆಚ್ಚಲು ಒಳಗೆ ಹೋದದ್ದೇ ತಡ, ಆಸ್ಗರ್ ಏಣಿ ಹೊತ್ತು ಬೇಲಿ ದಾಟಿದ.

ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಕೆಳಗಿನಿಂದ ಕೆಮ್ಮು ಕೇಳಿಸಿತು. ತೋಟಗಾರರ ಸಂಘದ ಅಧ್ಯಕ್ಷ ಹೋಲ್ಗರ್, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ.

"ಭಾನುವಾರ ಏಣಿ ಹತ್ತಬಾರದು ಅಂತ ನಿಯಮ ಇದ್ಯಾ, ಹೋಲ್ಗರ್?"

"ಇಲ್ಲ. ಆದ್ರೆ ಇನ್ನೊಬ್ಬರ ಮರಕ್ಕೆ ಹತ್ತಬಹುದು ಅಂತಲೂ ಇಲ್ಲ. ಯೋಚನೆ ಮಾಡ್ಬೇಕಾದ ವಿಷಯ."

ಹೋಲ್ಗರ್ ಯೋಚನೆಗೆ ನಿಂತ. ಆಸ್ಗರ್ ಏಣಿಯ ತುದಿಗೇರಿದ. ಎದುರು ತೋಟದ ಗಂಡ ಹೆಂಡತಿ ಕುರ್ಚಿ ತಂದು ಹಾಕಿಕೊಂಡರು. "ಎಡಗಾಲು ಆ ಕವಲಿಗೆ ಕೊಡಪ್ಪಾ," ಎಂದ ಗಂಡ. "ಬಲಗಾಲು! ಅವರ ಮಾತು ಕೇಳಿ ನಾನು ಕೆಟ್ಟೆ, ನೀವು ಕೆಡಬೇಡಿ," ಎಂದಳು ಹೆಂಡತಿ. ಆಸ್ಗರ್ ಇಬ್ಬರ ಮಾತನ್ನೂ ನಡೆಸಲು ಹೋಗಿ, ಎರಡೂ ಕಾಲನ್ನು ಏಣಿಯಿಂದ ಎತ್ತಿದ. ಡಿಸ್ಕು ಕೈಗೆ ಸಿಕ್ಕಿತು. ದಾರ ಸಮೇತ ಕಿತ್ತು ಅಂಗಿಯೊಳಗೆ ತುರುಕಿಕೊಂಡ. ಅದೇ ಗಳಿಗೆಗೆ ಏಣಿ ಜಾರಿ ಹುಲ್ಲಿನ ಮೇಲೆ ಬಿತ್ತು. ಗೇಟು ಕಿರ್ರೆಂದಿತು. ಸಿಡ್ಸೆಲ್ ತನ್ನ ಹುಡುಗನೊಂದಿಗೆ ಒಳಗೆ ಬಂದಾಗ, ಆರ್ಹುಸಿನ ಹಿರಿಯ ವಿಮರ್ಶಕ ಒಣಹಾಕಿದ ಪ್ಯಾಂಟಿನ ಹಾಗೆ ಕೊಂಬೆಗೆ ಜೋತುಬಿದ್ದಿದ್ದ.

ಮಾಲ್ಟೆ ಓಡಿಬಂದು ಕಾಲು ಹಿಡಿದ. "ನಿಧಾನ ಸಾರ್, ಬಿಡಿ ಕೈ, ನಾನಿದೀನಿ."

ಗಲಾಟೆ ಕೇಳಿ ಗುರ್ಲಿ ಚಾಕು ಹಿಡಿದೇ ಹೊರಗೆ ಬಂದಳು. "ಏನೋ ಮಾಡ್ತಿದ್ದೆ ಅಲ್ಲಿ?"

"ಹಣ್ಣು ಕೀಳ್ತಿದ್ದೆ. ನಿಮಗೇ ಅಂತ."

"ನನ್ನ ಮರದ ಹಣ್ಣು ನನಗೇ ಉಡುಗೊರೆಯಾ? ಭಾರೀ ಧಾರಾಳಿ!"

ಊಟಕ್ಕೆ ಹೆರಿಂಗ್ ಮೀನು, ಕಪ್ಪು ರೈ ಬ್ರೆಡ್ಡು, ಪುಟ್ಟ ಗ್ಲಾಸುಗಳಲ್ಲಿ ಸ್ನಾಪ್ಸ್ ಮದ್ಯ. ಯಾರೂ ಕರೆಯದಿದ್ದರೂ ಹೋಲ್ಗರ್ ಕೂತಿದ್ದ. ಆಸ್ಗರ್ ಮಾತ್ರ ಹಲಗೆ ನುಂಗಿದವನಂತೆ ನೆಟ್ಟಗೆ ಕೂತಿದ್ದ. ಸ್ವಲ್ಪ ಬಗ್ಗಿದರೂ ಡಿಸ್ಕಿನ ಅಂಚು ಹೊಟ್ಟೆಗೆ ಚುಚ್ಚುತ್ತಿತ್ತು. ಮಾಲ್ಟೆ ಎದುರಿಗೆ ಕೂತು ಅವನನ್ನೇ ನೋಡುತ್ತಿದ್ದ. ಅದು ಭಕ್ತಿಯೆಂದು ಆಸ್ಗರ್ ಭಾವಿಸಿದ.

"ಮೀನಿನ ಬಟ್ಟಲು ಇತ್ತ ಸರಿಸಪ್ಪಾ," ಎಂದ ಹೋಲ್ಗರ್. ಆಸ್ಗರ್ ಮರೆತು ಬಗ್ಗಿದ. ಅಂಗಿಯ ಗುಂಡಿ ಪಟ್ಟೆಂದು ಹಾರಿತು. ಕೆಂಪು ಡಿಸ್ಕು ಜಾರಿ ಬಂದು ಹೆರಿಂಗ್ ಮೀನಿನ ನಡುವೆ ನಿಂತಿತು, ದಾರ ಸಮೇತ.

"ಇದು ನನ್ನ..." ಎಂದು ಗುರ್ಲಿ ಬಾಯಿ ತೆರೆದಳು.

"ಹೌದು, ನನ್ನದು!" ಎಂದು ಆಸ್ಗರ್ ಕೂಗಿ, ಡಿಸ್ಕನ್ನು ಕರವಸ್ತ್ರದಿಂದ ಒರೆಸಿ, ದಾರವನ್ನು ಕೊರಳಿಗೆ ಹಾಕಿಕೊಂಡ. "ಬರೆದಿದ್ದೆನಲ್ಲ ಮಾಲ್ಟೆ, ಸಾಯೋ ತನಕ ಕೈಬಿಡಲ್ಲ ಅಂತ. ಎದೆಗೆ ಅಂಟಿಸಿಕೊಂಡೇ ಓಡಾಡ್ತಿದೀನಿ." ಹಾಗೆನ್ನುತ್ತ ಗುರ್ಲಿಯ ಗ್ಲಾಸನ್ನು ಅಂಚಿನವರೆಗೆ ತುಂಬಿದ. ಅವಳು ಕುಡಿಯುವುದೋ ಮಾತಾಡುವುದೋ ಎಂದು ಗಳಿಗೆ ಯೋಚಿಸಿ, ಕುಡಿದಳು.

"ಅಷ್ಟು ಇಷ್ಟ ಆಯ್ತಾ?" ಎಂದು ಮಾಲ್ಟೆ ಮೆಲ್ಲಗೆ ಕೇಳಿದ.

"ಆಹಾ, ನಿನ್ನ ದನಿ ಮಾರಾಯ!"

"ಅದನ್ನೂ ಬರೆದಿದ್ರಿ. 'ಮಾಲ್ಟೆ ತನ್ನ ಜನ್ಮದಲ್ಲೇ ಇಷ್ಟು ಚೆನ್ನಾಗಿ ಹಾಡಿಲ್ಲ' ಅಂತ."

"ಒಂದಕ್ಷರ ಸುಳ್ಳಲ್ಲ!"

"ಅದರಲ್ಲಿ ನಾನು ಹಾಡೇ ಇಲ್ಲ ಸಾರ್."

ಹೋಲ್ಗರನ ಫೋರ್ಕು ಬಾಯಿಯ ಹತ್ತಿರವೇ ನಿಂತಿತು.

"ಚಳಿಗಾಲದಲ್ಲೇ ನನ್ನನ್ನ ಗುಂಪಿನಿಂದ ಓಡಿಸಿದ್ರು," ಎಂದ ಮಾಲ್ಟೆ. "ಹಾಡಿರೋನು ಬ್ಯಾರ್ಕೆ ಅಂತ, ಹೊಸ ಹುಡುಗ. ಹೆಸರು ಕವರಿನ ಮೇಲೇ ಇದೆ."

ಆಸ್ಗರ್ ಕವರನ್ನು ಓದಿಯೇ ಇರಲಿಲ್ಲ. ಕಿವಿಗಳು ಕೊರಳಿನ ಡಿಸ್ಕಿನ ಬಣ್ಣಕ್ಕೆ ತಿರುಗಿದವು.

"ಬೇಜಾರೇನಿಲ್ಲ ಬಿಡಿ," ಎಂದು ಮಾಲ್ಟೆ ನಕ್ಕ. "ನಾನು ಬಂದಿದ್ದು ಥ್ಯಾಂಕ್ಸ್ ಹೇಳೋಕೆ. ನಿಮ್ಮ ವಿಮರ್ಶೆ ಓದಿ ಬ್ಯಾರ್ಕೆ ಸಿಟ್ಟಾಗಿ ಗುಂಪು ಬಿಟ್ಟ. ನಿನ್ನೆ ಅವರೇ ಫೋನ್ ಮಾಡಿ ನನ್ನ ವಾಪಸ್ ಕರೆದ್ರು. ಸಿಡ್ಸೆಲ್‌ಗಂತೂ ಕುಣಿಯೋಷ್ಟು ಖುಷಿ."

ಆಸ್ಗರ್ ಗ್ಲಾಸು ಎತ್ತಿದ. "ನೋಡಿದ್ಯಾ! ಕೊನೆಗೆ ಎಲ್ಲಾ ಒಳ್ಳೇದೇ ಆಯ್ತು."

"ನನಗೆ ಆಯ್ತು. ಬ್ಯಾರ್ಕೆಗೆ ಆಗ್ಲಿಲ್ಲ. ಬೆಳಿಗ್ಗೆ ಫೋನ್ ಮಾಡಿ ನೀವು ಎಲ್ಲಿ ಸಿಗ್ತೀರಿ ಅಂತ ಕೇಳಿದ. ಪಾಪ ಅನ್ನಿಸ್ತು, ಹೇಳಿಬಿಟ್ಟೆ."

ಹೇಳಿ ಮುಗಿಯುವಷ್ಟರಲ್ಲಿ ಗೇಟಿನೊಳಗೆ ಒಬ್ಬ ಪಕ್ಕಕ್ಕೆ ತಿರುಗಿ ಬಂದ. ನೇರ ಬಂದಿದ್ದರೆ ಗೇಟು ಸಾಲುತ್ತಿರಲಿಲ್ಲ. ಬಂದರಿನಲ್ಲಿ ಹಡಗು ಕಟ್ಟುವ ಹಗ್ಗ ಎಳೆಯುವವನ ತೋಳು. ಬೆನ್ನಿಗೊಂದು ಗಿಟಾರ್.

"ಆಸ್ಗರ್ ಬ್ರೊಸ್ಟ್ರೂಪ್ ಅಂದ್ರೆ?"

ಮೇಜಿನ ಸುತ್ತ ಇದ್ದವರೆಲ್ಲ ಒಟ್ಟಿಗೆ ಬೆರಳು ತೋರಿಸಿದರು.

ಆಸ್ಗರ್ ಕಣ್ಣು ಮುಚ್ಚಿಕೊಂಡ. ಏಟು ಬೀಳಲಿಲ್ಲ. ಕುರ್ಚಿ ಎಳೆದ ಸದ್ದಾಯಿತು.

"ಶುಕ್ರವಾರ ನಮ್ಮಮ್ಮ ಬೆಳಿಗ್ಗೇನೇ ಹೋಗಿ ಪತ್ರಿಕೆ ತಂದಿದ್ರು," ಎಂದ ಬ್ಯಾರ್ಕೆ ಶಾಂತವಾಗಿ. "ಕನ್ನಡಕ ಹಾಕ್ಕೊಂಡು ನನ್ನ ಹೆಸರು ಹುಡುಕಿದ್ರು. ಎರಡು ಸಲ ಹುಡುಕಿದ್ರು. ನೀವು ಆಲ್ಬಂ ಕೇಳಿಲ್ಲ, ಅಲ್ವಾ?"

"ಅರ್ಧ..." ಎಂದ ಆಸ್ಗರ್.

"ಪರವಾಗಿಲ್ಲ. ಪೂರ್ತಿ ಈಗ ಹಾಡ್ತೀನಿ. ಮುಗಿಯೋ ತನಕ ನೀವು ಏಳೋ ಹಾಗಿಲ್ಲ. ಆಮೇಲೆ ಎಷ್ಟು ನಕ್ಷತ್ರ ಅಂತ ಇಲ್ಲೇ, ಎಲ್ಲರೆದುರಿಗೆ ಹೇಳಿ."

ಎದುರು ತೋಟದ ದಂಪತಿ ಕುರ್ಚಿಗಳನ್ನು ಹತ್ತಿರ ಸರಿಸಿಕೊಂಡರು. ಆಸ್ಗರ್ ಕೊನೆಯ ಆಸೆಯಿಂದ ಅಧ್ಯಕ್ಷನತ್ತ ತಿರುಗಿದ.

"ಹೋಲ್ಗರ್, ಭಾನುವಾರ ಮಧ್ಯಾಹ್ನ ಸದ್ದು ಮಾಡಬಾರದು ಅಂತ ಸಂಘದ ನಿಯಮ ಇದೆಯಲ್ಲ?"

ಹೋಲ್ಗರ್ ಬಾಯಲ್ಲಿದ್ದ ಮೀನನ್ನು ಸಾವಕಾಶವಾಗಿ ಅಗಿದು ನುಂಗಿದ.

"ಅದು ಹುಲ್ಲು ಕತ್ತರಿಸೋ ಯಂತ್ರಕ್ಕೆ ಮಾತ್ರ," ಎಂದ.

ಬ್ಯಾರ್ಕೆ ಗಂಟಲು ಸರಿಮಾಡಿಕೊಂಡ.