ನನ್ನ ಹಿತ್ತಲಿನ ಸಿಇಒ

ನಮ್ಮೂರ ಮೈದಾನದಲ್ಲಿ ಗೋಲಾಗುವುದು ಅಪರೂಪ. ನಗುವಂಥದ್ದು ಏನಾದರೊಂದು ಆಗುವುದು ಮಾತ್ರ ಯಾವ ವಾರವೂ ತಪ್ಪುವುದಿಲ್ಲ.

ಅಮ್ಮತ್ತಿಯಿಂದ ಈಚೆ, ಕಾಫಿ ತೋಟಗಳ ನಡುವೆ ನಮ್ಮೂರು. ಫುಟ್‌ಬಾಲ್ ಮೈದಾನದ ಹಿಂದೆ, ಎತ್ತರದ ಮಣ್ಣಿನ ದರೆಯ ಮೇಲೆ ನನ್ನ ಮನೆ. ನಮ್ಮ ಯಜಮಾನರು ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಹಾಗಾಗಿ ನಾನು ಊರಿಗೆಲ್ಲ ರೈಟರಮ್ಮ, ಓದಿದ್ದು ಮಾತ್ರ ಎರಡನೇ ಕ್ಲಾಸು. ಅವರು ಹೋದ ಮೇಲೆ ಮನೆಯಲ್ಲಿ ಉಳಿದದ್ದು ನಾನು, ಒಂದು ಬೆಕ್ಕು, ಕ್ಲಬ್ಬಿನ ಹುಡುಗರ ಜರ್ಸಿಗಳು. ಅವನ್ನು ಒಗೆದು ಕೊಡುವುದು ನನ್ನ ಕೆಲಸ. ಹನ್ನೊಂದು ಅಂಗಿ ತಂತಿಯ ಮೇಲೆ ಸಾಲಾಗಿ ನಿಂತಿರುತ್ತವೆ, ಎಷ್ಟು ಮಾತಾಡಿಸಿದರೂ ಒಂದೂ ಹೂಂ ಅನ್ನುವುದಿಲ್ಲ. ಅದಕ್ಕೇ ನನಗೆ ಊರವರ ಸುದ್ದಿ ಬೇಕು. ಚಾಡಿ ಹೇಳುತ್ತಾಳೆ ಅನ್ನುತ್ತಾರೆ. ಹೌದು, ಹೇಳುತ್ತೇನೆ. ಕಿವಿ ಮುಚ್ಚಿಕೊಂಡು ಓಡಿಹೋದವರನ್ನು ಮಾತ್ರ ಇದುವರೆಗೆ ಕಂಡಿಲ್ಲ.

ಮೊದಲೆಲ್ಲ ನಮ್ಮ ಕ್ಲಬ್ಬನ್ನು ಟೀ ಅಂಗಡಿಯ ಬೆಂಚೇ ನಡೆಸುತ್ತಿತ್ತು. ಆಮೇಲೆ ನಾಲ್ಕು ದೊಡ್ಡ ತೋಟದವರು ಸೇರಿ, ಪಟ್ಟಣದ ಕ್ಲಬ್ಬುಗಳಿಗೆಲ್ಲ ಇದೆಯಂತೆ, ನಮಗೂ ಇರಲಿ ಅಂತ ಒಬ್ಬ ಸಿಇಒನನ್ನು ತಂದಿಟ್ಟರು. ಹಾಗೆಂದರೆ ಏನಪ್ಪಾ ಅಂತ ಸೆಕ್ರೆಟರಿಯನ್ನು ಕೇಳಿದೆ.

"ಆಡುವುದೊಂದು ಬಿಟ್ಟು ಕ್ಲಬ್ಬಿನ ಎಲ್ಲ ಕೆಲಸ ಅವರೇ ಮಾಡಿಸೋದು ರೈಟರಮ್ಮ."

"ಹಾಗಾದರೆ ನೀನು ಏನು ಮಾಡ್ತಿ?"

ಅರ್ಧ ಟೀ ಅಲ್ಲೇ ಬಿಟ್ಟು ಎದ್ದು ಹೋದ.

ಒಳ್ಳೆಯ ಡಿಫೆನ್ಸು

ಮೊದಲು ಬಂದವನು ಕಾಣಿಸಿಕೊಳ್ಳುವುದಕ್ಕೇ ಹುಟ್ಟಿದವನು. ಬಸ್‌ಸ್ಟ್ಯಾಂಡಿನಲ್ಲಿ ಅವನ ಫ್ಲೆಕ್ಸ್, ಕೋಳಿ ಅಂಗಡಿಯ ಮುಂದೆ ಅವನ ಫ್ಲೆಕ್ಸ್. ಮುಖ ಬಾಗಿಲಷ್ಟು, ಆಡುವ ಹನ್ನೊಂದು ಜನ ಕೆಳಗೆ ಪೋಸ್ಟಿನ ಸ್ಟಾಂಪಿನಷ್ಟು. ಸಾಲದು ಅಂತ ನೆಟ್ಟೇ ಇಲ್ಲದ ಗೋಲಿನ ಹಿಂದೆಯೂ ಒಂದು ಕಟ್ಟಿಸಿದ, ಕೈ ಮುಗಿದು ಹಲ್ಲು ಕಿರಿದದ್ದು.

ಜೂನ್ ತಿಂಗಳ ಗಾಳಿ ಗೊತ್ತಲ್ಲ. ನಮ್ಮ ಹುಡುಗ ಮೂರು ಜನರನ್ನು ದಾಟಿಕೊಂಡು ಬಂದ, ಎದುರು ತಂಡದ ಗೋಲ್‌ಕೀಪರ್ ಕೆಸರಲ್ಲಿ ಜಾರಿ ಬಿದ್ದ, ಗೋಲು ಹಾಳು ಸುರಿಯುತ್ತಿತ್ತು. ಒದ್ದೇ ಬಿಟ್ಟ. ಅಷ್ಟರಲ್ಲಿ ಹಗ್ಗ ಕಿತ್ತು ಫ್ಲೆಕ್ಸ್ ಮುಂದಕ್ಕೆ ಹಾರಿ ಗೋಲಿನ ಬಾಯಿಗೇ ಅಡ್ಡ ಬಂತು. ಚೆಂಡು ಸೀದಾ ಸಿಇಒನ ಹಲ್ಲಿಗೆ ಬಡಿದು ವಾಪಸು ಬಂತು. ರೆಫರಿ ಗೋಲು ಕೊಡಲಿಲ್ಲ.

ನಮ್ಮ ಎದುರಾಳಿಗಳಿಗೆ ಆ ವರ್ಷ ಅವನಷ್ಟು ಚೆನ್ನಾಗಿ ಡಿಫೆನ್ಸ್ ಆಡಿದವರು ಬೇರೆ ಯಾರೂ ಇರಲಿಲ್ಲ.

ಕ್ಲಬ್ಬಿನ ಬೆನ್ನೆಲುಬು

ಅದೇ ಮಳೆಗಾಲದಲ್ಲಿ ನನ್ನ ಪಕ್ಕದ ಮನೆಯ ಮುದುಕಿ ತೀರಿಕೊಂಡಳು. ಮೂವತ್ತು ವರ್ಷ ನಾವಿಬ್ಬರೂ ನನ್ನ ಹಿತ್ತಲಲ್ಲಿ ಕೂತು ಊರನ್ನೇ ಒಗೆದವರು. ನಾನು ಒಗೆಯುವ ಕಲ್ಲಿನ ಮೇಲೆ, ಅವಳು ಮುಕ್ಕಾಲಿಯ ಮೇಲೆ. ಅವಳು ಹೋದ ಮೇಲೆ ಆ ಮುಕ್ಕಾಲಿಯನ್ನು ಎತ್ತಿ ಒಳಗಿಡಲು ನನಗೆ ಕೈ ಬರಲಿಲ್ಲ. ಬೆಕ್ಕು ಕೂಡ ಅದರ ಮೇಲೆ ಕೂರಲಿಲ್ಲ.

ಸಾವಿನ ಮನೆಗೆ ಸಿಇಒ ಬಂದ, ಹಿಂದೆ ಫೋಟೋದವನು. ಹೆಣದ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡ. "ಈ ತಾಯಿ ನಮ್ಮ ಕ್ಲಬ್ಬಿನ ಬೆನ್ನೆಲುಬಾಗಿದ್ದರು" ಅಂದ.

ಆ ತಾಯಿ ತನ್ನ ಅಂಗಳಕ್ಕೆ ಬಿದ್ದ ಚೆಂಡನ್ನು ಹಲಸು ಕೊಯ್ಯುವ ಕತ್ತಿಯಲ್ಲಿ ಎರಡು ಹೋಳು ಮಾಡಿ ಅಟ್ಟಕ್ಕೆ ಎಸೆಯುತ್ತಿದ್ದಳು. ಅಳುತ್ತಿದ್ದ ನನಗೆ ತಡೆಯಲಾಗಲಿಲ್ಲ.

"ಹೌದು ಸಾರ್, ನಿಮ್ಮ ನಾಲ್ಕು ಚೆಂಡು ಇನ್ನೂ ಅವಳ ಅಟ್ಟದ ಮೇಲಿವೆ. ಹೋಗುವಾಗ ತಗೊಂಡು ಹೋಗಿ. ಎಂಟು ಹೋಳು ಇರಬೇಕು, ಸರಿಯಾಗಿ ನೋಡಿಕೊಳ್ಳಿ."

ಸತ್ತವಳ ಮಗನೇ ಮೊದಲು ನಕ್ಕದ್ದು.

ಬೆಳೆದು ಬಂದ ಸುದ್ದಿ

ತೋಟದವರಿಗೂ ಸಾಕಾಯಿತು. ಅವನನ್ನು ಕಳಿಸಿ ಇನ್ನೊಬ್ಬರನ್ನು ತಂದರು, ದೊಡ್ಡ ಎಸ್ಟೇಟಿನಲ್ಲಿ ಮ್ಯಾನೇಜರಾಗಿ ರಿಟೈರಾದವರು. ಇವರು ಕಾಣುವುದೇ ಇಲ್ಲ! ಕೆಲಸವೆಲ್ಲ ಆಗುತ್ತಿತ್ತು. ಮೈದಾನದ ನೀರು ಹೋಗಲು ಚರಂಡಿ ಆಯಿತು, ಹುಡುಗರಿಗೆ ಹೊಸ ಬೂಟು ಬಂತು, ನೆಲ್ಯಹುದಿಕೇರಿಗೆ ಆಡಲು ಹೋದರೆ ಬಸ್ಸು ಹೇಳಿದ ಹೊತ್ತಿಗೆ ಬಂತು. ಆದರೆ ಮ್ಯಾಚಿನ ದಿನ ಮನುಷ್ಯ ಎಲ್ಲಿ? ಅವರ ಮನೆಗೂ ಬೀಗವಂತೆ. ಹುಡುಗರ ಕ್ಯಾಪ್ಟನ್ ಮತ್ತು ಸೆಕ್ರೆಟರಿ ಬಿಟ್ಟರೆ ಅವರ ಮುಖ ಕಂಡವರೇ ಊರಲ್ಲಿಲ್ಲ.

ಕಾಣದ ಗಂಡಸಿನ ಬಗ್ಗೆ ಸುಮ್ಮನಿರಲಾದೀತೇ? ಸೋಮವಾರ ಮೀನು ಮಾರುವ ಕಾಕನ ಹತ್ತಿರ ಅಂದೆ, "ಶನಿವಾರ ಶನಿವಾರ ಮಾಯವಾಗ್ತಾನೆ ಅಂದರೆ ಎಲ್ಲೋ ಇನ್ನೊಂದು ಮನೆ ಇರಬೇಕು ಕಾಕಾ."

ಗುರುವಾರ ರೇಷನ್ ಅಂಗಡಿಯ ಸಾಲಿನಲ್ಲಿ ಒಬ್ಬಳು ನನ್ನ ಕಿವಿಯಲ್ಲಿ ಉಸುರಿದಳು. "ಗೊತ್ತಾ ರೈಟರಮ್ಮ, ಸಿಇಒಗೆ ವಿರಾಜಪೇಟೆಯಲ್ಲಿ ಎರಡನೇ ಸಂಸಾರವಂತೆ. ಒಬ್ಬಳು ಮಗಳೂ ಇದ್ದಾಳಂತೆ, ಗುಂಗುರು ಕೂದಲಂತೆ."

ನಾನೇ ಹೆತ್ತ ಸುದ್ದಿ, ಮೂರು ದಿನದಲ್ಲಿ ನನಗೇ ಗುರುತು ಸಿಗದಷ್ಟು ಬೆಳೆದಿತ್ತು. ಗುಂಗುರು ಕೂದಲು ಅಂದ ಮೇಲೆ ನನಗೂ ನಂಬಿಕೆ ಬಂತು.

ಮೀಟರು ನೋಡುವವನು

ಮುಂದಿನ ಶನಿವಾರ ಮ್ಯಾಚು ಶುರುವಾಗುವ ಹೊತ್ತಿಗೆ ಹಿಂಬಾಗಿಲಲ್ಲಿ ಒಬ್ಬರು ನಿಂತಿದ್ದರು. ಸಣಕಲು ದೇಹ, ಹಳೆಯ ಜರ್ಕಿನ್ನು. ಕರೆಂಟಿನ ಮೀಟರು ನೋಡಲು ಬಂದವನು ಅಂದುಕೊಂಡೆ.

"ಅಮ್ಮಾ, ಇಲ್ಲಿಂದ ಸ್ವಲ್ಪ ಆಟ ನೋಡಬಹುದಾ?"

ನನ್ನ ಹಿತ್ತಲು ಮೈದಾನಕ್ಕಿಂತ ಆಳೆತ್ತರ ಮೇಲಿದೆ, ಮುಂದೆ ಮೋಟು ಗೋಡೆ. ಮುಕ್ಕಾಲಿ ತೋರಿಸಿದೆ, ಕೂತರು. ಬೆಲ್ಲದ ಕಾಫಿ ಕೊಟ್ಟೆ, ಕುಡಿದರು. ಎಷ್ಟು ತಿಂಗಳಾಗಿತ್ತೋ ಆ ಮುಕ್ಕಾಲಿಯ ಮೇಲೆ ಒಬ್ಬರು ಕೂತು! ನನ್ನ ಬಾಯಿಯ ಕಟ್ಟೆ ಒಡೆಯಿತು. ಸಿಇಒನ ಕಥೆಯೆಲ್ಲ ಹೇಳಿದೆ. ವಿರಾಜಪೇಟೆ ಸಂಸಾರ, ಮಗಳು, ಗುಂಗುರು ಕೂದಲು, ಒಂದೂ ಬಿಡಲಿಲ್ಲ. ಅವರು ಆಟದಿಂದ ಕಣ್ಣು ತೆಗೆಯದೆ ಕೇಳಿದರು.

"ಮಗಳಿಗೆ ಎಷ್ಟು ವಯಸ್ಸು?"

"ಏಳೆಂಟು ಇರಬಹುದು" ಅಂದೆ, ಆಗಲೇ ಯೋಚಿಸಿ.

ಚೆಂಡು ಹಿತ್ತಲಿಗೆ ಬಿತ್ತು. ತರಲು ಗೋಡೆ ಹಾರಿದ ಕ್ಯಾಪ್ಟನ್ ಅಲ್ಲೇ ಕಲ್ಲಾದ. "ಸಾರ್, ನೀವು ಇಲ್ಲಿ?"

ನನ್ನ ಕೈಯ ಲೋಟ ನೆಲಕ್ಕೆ ಬಿತ್ತು. ಅವರು ಯಾರಿಗೂ ಹೇಳಬೇಡ ಅಂತ ಅವನನ್ನು ಕಳಿಸಿ, ಬಗ್ಗಿ ಲೋಟ ಎತ್ತಿಕೊಟ್ಟು ಅಂದರು, "ಮಗಳನ್ನು ಯಾವ ಸ್ಕೂಲಿಗೆ ಹಾಕಿದ್ದೇನೆ ಅಂತ ಗೊತ್ತಾದರೆ ನನಗೂ ಒಂದು ಮಾತು ಹೇಳಿ ಅಮ್ಮಾ."

ಜ್ವರ

ಆಮೇಲೆ ಪ್ರತಿ ಶನಿವಾರ ಬಂದರು. ಹೆಂಡತಿ ತೀರಿಹೋಗಿ ಎರಡು ವರ್ಷವಂತೆ. ಎದುರು ಬಂದು ಕೂರಬಾರದಾ ಅಂತ ಒಮ್ಮೆ ಕೇಳಿದೆ.

"ನಾನು ಎದುರಿಗಿದ್ದರೆ ಹುಡುಗರು ಚೆಂಡು ಒದ್ದು, ಸರಿಯಾಯ್ತಾ ಅಂತ ನನ್ನ ಮುಖ ನೋಡ್ತಾರೆ ಅಮ್ಮಾ. ಅಷ್ಟರಲ್ಲಿ ಚೆಂಡು ಬೇರೆಯವರ ಕಾಲಲ್ಲಿರುತ್ತೆ."

ಮಾತು ಅಷ್ಟೇ. ಅವರು ನೋಡುವರು, ನಾನು ಒಗೆಯುವೆನು. ಆದರೂ ಶುಕ್ರವಾರವೇ ಮುಕ್ಕಾಲಿ ಒರೆಸಿಡುತ್ತಿದ್ದೆ. ಆಟ ಮುಗಿದು ಮೈದಾನ ಖಾಲಿಯಾಗಿ, ಅವರೂ ಎದ್ದುಹೋದ ಮೇಲೆ ಭಾನುವಾರ ಬಹಳ ಉದ್ದವಾಗುತ್ತಿತ್ತು.

ಅಷ್ಟು ದೊಡ್ಡ ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡು ಯಾರಿಗೂ ಹೇಳಲಿಲ್ಲ. ಹೇಳಿದರೆ ಹೊತ್ತುಕೊಂಡು ಹೋಗಿ ಸ್ಟೇಜಿನ ಮೇಲೆ ಕೂರಿಸುತ್ತಾರೆ, ನನ್ನ ಮುಕ್ಕಾಲಿ ಮತ್ತೆ ಖಾಲಿ.

ಆಗಲೇ ನಾವು ಸಾಲಾಗಿ ಮೂರು ಮ್ಯಾಚು ಸೋತೆವು. ಗೆಲ್ಲುವಾಗ ಯಾರಿಗೂ ಬೇಡವಾಗಿದ್ದ ಮುಖ ಈಗ ಎಲ್ಲರಿಗೂ ಬೇಕಾಯಿತು. ಮೈದಾನದಲ್ಲೇ ಮೀಟಿಂಗು. ಸಿಇಒ ಎಷ್ಟು ಕಾಣಬೇಕು ಅಂತ ಚರ್ಚೆ. ಕೋಳಿ ಅಂಗಡಿಯವನು ವಾರಕ್ಕೊಮ್ಮೆ ಅಂದ. ಟೀ ಅಂಗಡಿಯವನು, "ತಲಕಾವೇರಿ ತೀರ್ಥದ ಹಾಗೆ ವರ್ಷಕ್ಕೊಂದು ಸಲ ಕಂಡರೂ ಸಾಕು, ಆದರೆ ಹೊತ್ತು ಮೊದಲೇ ಹೇಳಬೇಕು" ಅಂದ. ಕೊನೆಗೆ ಸೆಕ್ರೆಟರಿ ಮುಂದಿನ ಮ್ಯಾಚಿಗೆ ಸ್ಟೇಜಿನ ಮೇಲೆ ಕೆಂಪು ಕುರ್ಚಿ ಹಾಕುವುದು, ಬಂದು ಕೂರದಿದ್ದರೆ ಕೆಲಸದಿಂದ ತೆಗೆಯುವುದು ಅಂತ ತೀರ್ಮಾನ ಓದಿದ. ಓದಿ ನನ್ನ ಕಡೆ ತಿರುಗಿದ.

"ನಿಮಗೆ ಗೊತ್ತಿಲ್ಲದ್ದು ಈ ಊರಲ್ಲಿ ಏನಿದೆ ರೈಟರಮ್ಮ? ಮ್ಯಾಚಿನ ದಿನ ಅವರು ಎಲ್ಲಿರ್ತಾರೆ, ಹೇಳಿ."

"ನನಗೆ ಗೊತ್ತಿಲ್ಲ."

ಆ ಮಾತು ನನ್ನ ಬಾಯಿಂದ ಯಾರೂ ಕೇಳಿದವರಲ್ಲ. ಹಿಂದಿನಿಂದ ಒಬ್ಬಳು ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಸಂಜೆಗೆ ನರ್ಸಮ್ಮ ಬಿಪಿ ನೋಡಲು ಮನೆಗೇ ಬಂದಳು.

ಕೆಂಪು ಕುರ್ಚಿ

ಆ ಶನಿವಾರ ಅವರು ಕಾಫಿ ಅರ್ಧ ಕುಡಿದು ಎದ್ದರು. "ಹೋಗಿ ಕೂತುಬಿಡ್ತೇನೆ ಅಮ್ಮಾ. ಕ್ಲಬ್ಬಿನ ಕೆಲಸ ಇನ್ನೂ ಬಹಳ ಬಾಕಿ ಇದೆ." ನಾನು ಹೂಂ ಅಂದೆ. ಬೇಡ ಅನ್ನಲು ನಾನ್ಯಾರು?

ಎಷ್ಟು ಹೊತ್ತಾದರೂ ಕುರ್ಚಿ ಖಾಲಿಯೇ. ತಡೆಯದೆ ಇಳಿದು ಹೋದೆ. ನೋಡಿದರೆ ಗೇಟಿನ ಹೊರಗೆ ನಿಂತಿದ್ದಾರೆ! ಬ್ಯಾಡ್ಜು ಹಾಕಿದವನೊಬ್ಬ ಹಗ್ಗ ಹಿಡಿದು ಅವರನ್ನೇ ತಳ್ಳುತ್ತಿದ್ದ. "ಹಿಂದೆ ಹೋಗಿ ಅಜ್ಜ, ಇದು ಸಿಇಒ ಬರೋ ದಾರಿ." ನಾನೇ ಸಿಇಒ ಅನ್ನುವ ಬಾಯಿ ಅವರಿಗೆ ದೇವರು ಕೊಟ್ಟಿಲ್ಲ.

"ನೀವು ಹೋಗಿ ಮುಕ್ಕಾಲಿ ಮೇಲೆ ಕೂತ್ಕೊಳ್ಳಿ. ನಾನು ಹೇಳಿ ಬರ್ತೇನೆ" ಅಂದೆ. ನನ್ನನ್ನು ತಡೆಯುವ ಧೈರ್ಯ ಯಾರಿಗೂ ಆಗಲಿಲ್ಲ. ಸ್ಟೇಜಿನ ಮೆಟ್ಟಿಲು ಹತ್ತುವುದರೊಳಗೆ ಏದುಸಿರು, ಮಂಡಿ ನೋವು. ಖಾಲಿ ಇದ್ದದ್ದು ಒಂದೇ ಕುರ್ಚಿ. ಕೂತೆ.

ಮೈಕಿನವನು ಕೇರಳದ ಕಡೆಯವನು, ನಮ್ಮೂರಿಗೆ ಹೊಸಬ. ಕೆಂಪು ಕುರ್ಚಿಯಲ್ಲಿ ಮನುಷ್ಯರನ್ನು ಕಂಡದ್ದೇ ಚೀಟಿ ನೋಡಿ ಕೂಗಿದ, "ಎಲ್ಲರೂ ಕಾಯುತ್ತಿದ್ದ, ನಮ್ಮೆಲ್ಲರ ನೆಚ್ಚಿನ ಸಿಇಒ!" ಎದುರು ತಂಡದ ಅಧ್ಯಕ್ಷರು ನನಗೆ ಶಾಲು ಹೊದಿಸಿ ಪೇಟ ಇಟ್ಟರು. ಜನ ಬಿದ್ದು ಬಿದ್ದು ನಕ್ಕರು. ಮೈಕು ನನ್ನ ಬಾಯಿಗೆ ಬಂತು. ಮಾತಾಡಲು ತಲೆಯೆತ್ತಿ ಎದುರು ನೋಡಿದೆ.

ಅಷ್ಟು ವರ್ಷದಲ್ಲಿ ಆ ಕಡೆಯಿಂದ ನನ್ನ ಮನೆಯನ್ನು ನೋಡಿದವಳಲ್ಲ ನಾನು. ಮೋಟು ಗೋಡೆಯ ಮೇಲೆ ಅವರ ತಲೆ, ಹೆಗಲು, ಕೈಯ ಕಾಫಿ ಲೋಟ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಇಷ್ಟು ತಿಂಗಳೂ ಹೀಗೇ ಕಂಡಿದ್ದಾರೆ. ನನ್ನ ಮನೆಯ ಕಡೆ ಒಬ್ಬರಾದರೂ ತಿರುಗಿ ನೋಡಿದ್ದರೆ ತಾನೆ!

ನಾನು ಮಾತು ಮರೆತು ಆ ಕಡೆಯೇ ನೋಡಿದೆ. ಜನವೂ ಒಬ್ಬೊಬ್ಬರಾಗಿ ತಿರುಗಿದರು. ಅವರು ಗಡಿಬಿಡಿಯಲ್ಲಿ ಎದ್ದು, ಲೋಟ ಹಿಡಿದುಕೊಂಡೇ ಕೈ ಮುಗಿದರು. "ಸಿಇಒ ಸಾರೇ ಅದು!" ಅಂತ ಕ್ಯಾಪ್ಟನ್ ಕೂಗಿದ. ಶಿಳ್ಳೆಯೋ ಶಿಳ್ಳೆ. ಆ ದಿನ ಎರಡು ಗೋಲಿನಿಂದ ಗೆದ್ದೆವು, ಕೆಲಸದಿಂದ ತೆಗೆಯುವ ಮಾತು ಅಲ್ಲಿಗೇ ಬಿತ್ತು.

ಸೋಮವಾರ ಮೀನಿನ ಕಾಕ ಮತ್ತಿ ಮೀನು ಕಟ್ಟಿಕೊಡುತ್ತಾ ಅಂದ, "ಬೇಜಾರು ಮಾಡಬೇಡಿ ಚೇಚಿ. ಸಿಇಒ ಅವರ ಎರಡನೇ ಮನೆ ವಿರಾಜಪೇಟೆಯಲ್ಲಿ ಅಲ್ಲ, ಇಲ್ಲೇ ಅಂತ ಊರೆಲ್ಲ ಹೇಳ್ತಿದ್ದಾರೆ."

ನನಗೆ ಎಪ್ಪತ್ತಾರು. ಮೊದಲು ನಗು ಬಂತು, ಬಾಗಿಲು ಹಾಕಿಕೊಂಡ ಮೇಲೆ ನಿಂತುಹೋಯಿತು. ಮರ್ಯಾದಸ್ಥ ಮನುಷ್ಯ, ಈ ಮಾತು ಕಿವಿಗೆ ಬಿದ್ದ ಮೇಲೆ ಇನ್ನೆಲ್ಲಿ ಬರುತ್ತಾರೆ? ಬೈಯೋಣವೆಂದರೆ ಸುದ್ದಿ ಹುಟ್ಟಿಸಿದವಳು ನಾನೇ. ಶುಕ್ರವಾರ ಮುಕ್ಕಾಲಿ ಒರೆಸಲಿಲ್ಲ. ಶನಿವಾರ ರೆಫರಿಯ ಸೀಟಿ ಕೇಳಿತು, ಆಟ ಶುರುವಾಯಿತು, ಯಾರೂ ಇಲ್ಲ. ತಂತಿಯ ಮೇಲಿನ ಹಳೆ ಜರ್ಸಿಗಳನ್ನು ಸುಮ್ಮನೆ ತಿರುಗಿಸಿ ಹಾಕುತ್ತಾ ನಿಂತೆ.

ಹಿಂಬಾಗಿಲು ಕಿರ್ ಅಂತು. ಅದೇ ಹಳೆಯ ಜರ್ಕಿನ್ನು. ಮುಕ್ಕಾಲಿಯನ್ನು ತಾವೇ ಕರ್ಚೀಫಿನಿಂದ ಒರೆಸಿ ಕೂತರು. ಮೈದಾನದ ಕಡೆ ನೋಡುತ್ತಲೇ ಕೇಳಿದರು.

"ಮಗಳು ಎಲ್ಲಿ, ಕಾಣ್ತಾ ಇಲ್ಲ?"

"ಸ್ಕೂಲಿಗೆ ಹೋಗಿದ್ದಾಳೆ" ಅಂದೆ. "ಅಪ್ಪ ಬಂದರೆ ಬೆಲ್ಲದ ಕಾಫಿ ಕೊಡು ಅಂತ ಹೇಳಿ ಹೋದಳು."