ಹೇಳಲಿಕ್ಕಾಗದ ಉಗುರು

ಕಾಯಿಲೆಗಳಲ್ಲಿ ಮರ್ಯಾದಸ್ಥ ಕಾಯಿಲೆ, ಮರ್ಯಾದೆ ಇಲ್ಲದ ಕಾಯಿಲೆ ಎಂದು ಎರಡು ಜಾತಿ. ಬಿ.ಪಿ., ಮೈಗ್ರೇನ್, ಬೆನ್ನುನೋವು ಇವೆಲ್ಲ ಮರ್ಯಾದಸ್ಥ. ಮದುವೆ ಊಟದ ಪಂಕ್ತಿಯಲ್ಲಿ ಕುಳಿತು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ನನಗೆ ಬಂದದ್ದು ಎರಡನೆಯ ಜಾತಿಯದ್ದು. ಮಳೆಗಾಲವಿಡೀ ಒಣಗದ ಬೂಟಿನ ಕೃಪೆಯಿಂದ ಬಲಗಾಲಿನ ಹೆಬ್ಬೆರಳಿನ ಉಗುರು ಹಳದಿಯಾಗಿ, ದಪ್ಪವಾಗಿ, ಹಲಸಿನ ಬೀಜದ ಸಿಪ್ಪೆಯಂತೆ ಏಳತೊಡಗಿತು. ನಾನು ಸೂಕ್ಷ್ಮಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಫಂಗಸ್ ಎಂದು ನೋಡಿದ ಕೂಡಲೇ ತಿಳಿಯಿತು. ಇಂಥದ್ದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಒಳ್ಳೆಯ ಅಂಕ ಪಡೆದಿದ್ದೇನೆ. ಕಾಲಿನಲ್ಲಿ ಬೆಳೆಸಿದ್ದಕ್ಕೆ ಯಾರೂ ಅಂಕ ಕೊಡುವುದಿಲ್ಲ.

ಡಾಕ್ಟರರ ಹತ್ತಿರ ಹೋಗಬಹುದಿತ್ತು. ಆದರೆ ಬಿಕರ್ನಕಟ್ಟೆಗೆ ಹೋಗುವ ದಾರಿಯಲ್ಲಿರುವ ಅವರ ಕ್ಲಿನಿಕ್ಕಿನ ಬೋರ್ಡಿನಲ್ಲಿ ‘ಚರ್ಮ ಮತ್ತು ಗುಪ್ತರೋಗ ತಜ್ಞರು’ ಎಂದು ಬರೆದಿದೆ. ‘ಚರ್ಮ’ ಸಣ್ಣ ಅಕ್ಷರದಲ್ಲಿ, ಉಳಿದದ್ದು ದೊಡ್ಡದಾಗಿ ಕೆಂಪು ಬಣ್ಣದಲ್ಲಿ. ಎದುರಿಗೇ ಬಸ್‌ಸ್ಟಾಪು. ಮದುವೆಯಾಗದ ಹುಡುಗಿಯೊಬ್ಬಳು ಆ ಮೆಟ್ಟಿಲು ಹತ್ತಿದರೆ, ಅವಳು ಇಳಿಯುವ ಮೊದಲೇ ಸುದ್ದಿ ಬಸ್ಸು ಹಿಡಿದು ಕುಲಶೇಖರದ ನಮ್ಮ ಮನೆಗೆ ಮುಟ್ಟಿರುತ್ತದೆ. ಆದ್ದರಿಂದ ವಿಜ್ಞಾನವನ್ನು ಬದಿಗಿಟ್ಟು ಅಮ್ಮನ ಮೊರೆ ಹೊಕ್ಕೆ.

“ಇದು ಉಗುರುಸುತ್ತು,” ಎಂದು ಅಮ್ಮ ತೀರ್ಪು ಕೊಟ್ಟಳು.

“ಅಲ್ಲಮ್ಮ, ಫಂಗಸ್.”

“ಅದು ನಿನ್ನ ಕಾಲೇಜಿನಲ್ಲಿ. ಮನೆಯಲ್ಲಿ ಉಗುರುಸುತ್ತೇ. ಲಿಂಬೆಹುಳಿ ಸಿಕ್ಕಿಸು.”

ಕೈಬೆರಳಿಗೆ ತೂತು ಕೊರೆದ ಲಿಂಬೆಹಣ್ಣು ಸಿಕ್ಕಿಸಿಕೊಂಡವರನ್ನು ನೀವು ನೋಡಿರಬಹುದು. ಅದಕ್ಕೊಂದು ಗಾಂಭೀರ್ಯ ಉಂಟು. ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹಿಮ್ಮಡಿಯಲ್ಲಿ ನಡೆಯುವವಳಿಗೆ ಅದಿಲ್ಲ. ಒಂದು ವಾರದಲ್ಲಿ ಲಿಂಬೆಹುಳಿಗೇ ಫಂಗಸ್ ಬಂತು. ಅಷ್ಟರಲ್ಲಿ ಬಜಪೆಯ ಚಿಕ್ಕಮ್ಮನ ಫೋನು. “ಬೆಳ್ಳುಳ್ಳಿ ಜಜ್ಜಿ, ಅರಸಿನ, ಉಪ್ಪು ಸೇರಿಸಿ ಕಟ್ಟು ಮಾರಾಯ್ತಿ. ಅದಕ್ಕೆಲ್ಲ ಎಂತ ನಾಚಿಕೆ?”

“ಚಿಕ್ಕಮ್ಮನಿಗೆ ಯಾಕೆ ಹೇಳಿದ್ದು?” ಎಂದು ಅಮ್ಮನನ್ನು ಕೇಳಿದೆ.

“ಚಿಕ್ಕಮ್ಮ ಹೊರಗಿನವಳಾ?”

ಕಟ್ಟಿದೆ. ಲಿಂಬೆಹುಳಿ ಮೊದಲೇ ಆಗಿತ್ತು. ಈಗ ಅರಸಿನ, ಉಪ್ಪು, ಬೆಳ್ಳುಳ್ಳಿ. ಇನ್ನು ಕಾವಲಿಗೆ ಹಾಕಿ ಹುರಿಯುವುದೊಂದೇ ಬಾಕಿ. ಪಕ್ಕದ ಮನೆಯ ಬೆಕ್ಕು ಮೂರು ದಿನ ಭಕ್ತಿಯಿಂದ ನನ್ನ ಹಿಂದೆ ಸುತ್ತಿತು. ಉಗುರು ಮಾತ್ರ ಕದಲಲಿಲ್ಲ. “ಇನ್ನು ಯಾರಿಗಾದರೂ ಉಗುರಿನ ಸುದ್ದಿ ಹೇಳಿದರೆ ನಾನು ಮನೆಬಿಟ್ಟು ಹೋಗ್ತೇನೆ,” ಎಂದು ಅಮ್ಮನಿಂದ ಭಾಷೆ ತೆಗೆದುಕೊಂಡೆ. ಅಮ್ಮ ಭಾಷೆಗೆ ತಪ್ಪುವವಳಲ್ಲ. ಅನಾಹುತವಾದದ್ದೇ ಅದರಿಂದ.

ಆ ಭಾನುವಾರ ದೇವಸ್ಥಾನಕ್ಕೆ ಹೋದೆವು. ನಮ್ಮ ಕಡೆ ಭಟ್ರು ಭಕ್ತರ ಕಷ್ಟವನ್ನು ದೇವರಿಗೆ ಪಿಸುಗುಟ್ಟುವುದಿಲ್ಲ. ಕೈಮುಗಿದು, ಹೊರಗಿನ ಅಂಗಳಕ್ಕೂ ಕೇಳುವಂತೆ ಪ್ರಾರ್ಥನೆ ಹೇಳುತ್ತಾರೆ. ಅಮ್ಮ ಹೂವು, ತೆಂಗಿನಕಾಯಿ ಮುಂದಿಟ್ಟಳು.

“ಯಾರ ಹೆಸರಿನಲ್ಲಿ ಅಮ್ಮ? ಎಂತ ತೊಂದರೆ?”

“ಮಗಳದ್ದು. ಹೇಳಲಿಕ್ಕೆ ಆಗುವ ತೊಂದರೆ ಅಲ್ಲ ಭಟ್ರೇ.”

ಭಟ್ರು ನನ್ನತ್ತ ಒಮ್ಮೆ ನೋಡಿದರು. ಆಮೇಲೆ ಕಂಠ ಸರಿಮಾಡಿಕೊಂಡು, “ಸ್ವಾಮೀ, ಅವಿವಾಹಿತೆಯಾದ ಈ ಮಗುವಿಗೆ ಬಂದಿರುವ, ಹೇಳಲಾರದಂಥ ಗುಪ್ತವಾದ ಬಾಧೆಯನ್ನು ಪರಿಹರಿಸಿ, ಸಕಾಲದಲ್ಲಿ ಕಂಕಣಭಾಗ್ಯವನ್ನು ಕರುಣಿಸಬೇಕು” ಎಂದು ಮೊಳಗಿದರು. ಪ್ರಸಾದಕ್ಕೆ ಚಾಚಿದ್ದ ಕೈಗಳೆಲ್ಲ ಅಲ್ಲಲ್ಲೇ ನಿಂತವು. ಒಬ್ಬರು ಹೆಂಗಸು ತಮ್ಮ ಮಗನನ್ನು ನನ್ನ ಪಕ್ಕದಿಂದ ಮೆಲ್ಲನೆ ಆಚೆ ಎಳೆದುಕೊಂಡರು. ಮಗನಿಗೆ ಮೂವತ್ತು ದಾಟಿತ್ತು.

ಜೋರಾಗಿ ಮಾತಾಡಿ ಅಭ್ಯಾಸವೇ ಇಲ್ಲದ ನಾನು, ಎರಡು ತಿಂಗಳು ಅಮ್ಮ ಮತ್ತು ಬೆಕ್ಕಿನ ಹೊರತು ಯಾರಿಗೂ ತೋರಿಸದ ಕಾಲನ್ನು ಎಲ್ಲರೆದುರು ಮುಂದೆ ಚಾಚಿ, “ಉಗುರು! ಬರೀ ಉಗುರು!” ಎಂದು ಕೂಗಿದೆ. “ಪಾಪ,” ಎಂದರು ಯಾರೋ. ಆ ಪಾಪದಲ್ಲಿ ನಂಬಿಕೆ ಕಾಣಲಿಲ್ಲ.

ಹೋದ ಮಾನವನ್ನು ಬಸ್‌ಸ್ಟಾಪಿನವರು ಇನ್ನೊಮ್ಮೆ ಕಳೆಯಲಾರರಲ್ಲ. ಮರುದಿನವೇ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕುಳಿತರೆ, ಪಕ್ಕದ ಕುರ್ಚಿಯಲ್ಲಿ ಪ್ಯಾಂಟು, ಮಾಸ್ಕು ಹಾಕಿಕೊಂಡ ಒಬ್ಬರು ಪೇಪರಿನ ಹಿಂದೆ ಅಡಗಿದ್ದರು. ಕೆಮ್ಮಿದಾಗ ಕಂಠದ ಗುರುತು ಸಿಕ್ಕಿತು.

“ಭಟ್ರೇ, ನೀವು?”

ಅವರು ಈಗ ಪಿಸುಗುಟ್ಟಿದರು. “ಉಗುರು ಅಮ್ಮ. ಬರೀ ಉಗುರು. ಯಾರಲ್ಲೂ ಹೇಳಬೇಡಿ, ಆಯ್ತಾ?”

“ಇಲ್ಲ, ಹೇಳುವುದಿಲ್ಲ. ಪಾಪ,” ಎಂದೆ.

ಇನ್ನೊಬ್ಬರ ಗುಟ್ಟನ್ನು ಇಣುಕಿ ನೋಡುವವಳು ನಾನಲ್ಲ. ಆದರೂ ತಲೆ ತಗ್ಗಿಸಿಯೇ ಕುಳಿತಿದ್ದರಿಂದ ಅವರ ಬರಿಗಾಲು ಕಣ್ಣಿಗೆ ಬಿತ್ತು. ಹತ್ತೂ ಉಗುರುಗಳು ಈಗಷ್ಟೇ ತೊಳೆದ ಬೆಳ್ತಿಗೆ ಅಕ್ಕಿಯಂತೆ ಬೆಳ್ಳಗೆ ಹೊಳೆಯುತ್ತಿದ್ದವು. ಎರಡು ಸಲ ಎಣಿಸಿದೆ. ಕೊಟ್ಟ ಮಾತಿಗೆ ತಪ್ಪದಿರುವುದರಲ್ಲಿ ನಾನೂ ಅಮ್ಮನಂತೆಯೇ. ಅದಕ್ಕೇ ನೋಡಿ, ದೇವಸ್ಥಾನದ ಹೆಸರನ್ನು ಇಲ್ಲಿ ಎಲ್ಲಿಯೂ ಬರೆದಿಲ್ಲ.