ಅಗಲಿದವರ ಅಗಲ

ಅಗಲಿದವರನ್ನು ಅಗಲವಾಗಿಯೇ ತೋರಿಸತಕ್ಕದ್ದು. ಕೌಟುಂಬಿಕ ವಿಡಿಯೋ ಸಂರಕ್ಷಣಾ ಕಚೇರಿಯ ಮೊದಲ ನಿಯಮ ಇದು. ಬಾಗಿಲ ಮೇಲೆ ಹಿತ್ತಾಳೆ ಅಕ್ಷರಗಳಲ್ಲಿದೆ. ಸಾರ್ವಜನಿಕರ ಹಳೆಯ ಕ್ಯಾಸೆಟ್ಟುಗಳನ್ನು ಡಿವಿಡಿ ಮಾಡಿಕೊಡುವುದು ಈ ಕಚೇರಿಯ ಕೆಲಸ. ಹಳೆಯ ಚಿತ್ರಗಳು ಹೆಚ್ಚುಕಡಿಮೆ ಚೌಕ, ಹೊಸ ಟಿವಿಗಳು ಅಗಲ. ಚೌಕದ ಚಿತ್ರವನ್ನು ಅಗಲದ ಪರದೆಗೆ ಹಾಕಿದರೆ ಎರಡೂ ಪಕ್ಕ ಕಪ್ಪು ಪಟ್ಟಿ ಉಳಿಯುತ್ತದೆ. ಉದ್ಘಾಟನೆಯ ದಿನ ಅದನ್ನು ಕಂಡ ದೊಡ್ಡ ಸಾಹೇಬರು, "ಇಷ್ಟು ಜಾಗ ಖಾಲಿ ಬಿಟ್ಟಿದ್ದೀರಲ್ಲ, ಯಾರಪ್ಪನ ಮನೆ ಗಂಟು?" ಎಂದು ಕೇಳಿದ್ದರಿಂದ, ಚಿತ್ರವನ್ನು ಎರಡೂ ಕಡೆಗೆ ಎಳೆಯುವ ಪದ್ಧತಿ ಜಾರಿಗೆ ಬಂತು. ಎಳೆದಾಗ ಜನ ದಪ್ಪಗಾಗುತ್ತಾರೆ. ಇದು ಸಮೃದ್ಧಿಯ ಲಕ್ಷಣವೆಂದು ವಾರ್ಷಿಕ ವರದಿ ಹೇಳಿದೆ.

ಬಸ್ ಕಂಡಕ್ಟರ್ ಹೆಣ್ಣುಮಗಳೊಬ್ಬಳು ತೀರಿಕೊಂಡ ತಾಯಿಯ ಒಂದೇ ಒಂದು ಕ್ಯಾಸೆಟ್ ತಂದುಕೊಟ್ಟಳು. ಅವಳ ಅಪ್ಪನಿಗೆ ಮರೆವಿನ ಕಾಯಿಲೆ. ಹೆಂಡತಿಯ ಮುಖವೂ ಮಾಸತೊಡಗಿತ್ತು. ದಿನಾ ಟಿವಿಯಲ್ಲಿ ತೋರಿಸಿದರೆ ಅದೊಂದಾದರೂ ಉಳಿದೀತು ಎಂದು ಅವಳ ಆಸೆ. ಡಿವಿಡಿ ಬಂತು, ಹಾಕಿದಳು. ಹಂಚಿಕಡ್ಡಿಯಂತಿದ್ದ ಅಮ್ಮ ಹಂಡೆಯಂತಾಗಿ ಬಟ್ಟೆ ಒಣಗಹಾಕುತ್ತಿದ್ದಳು.

"ಯಾರಮ್ಮ ಈ ಹೆಂಗಸು? ನಿಮ್ಮಮ್ಮ ಎಲ್ಲಿ?" ಎಂದ ಅಪ್ಪ ಬಾಗಿಲ ಕಡೆ ನೋಡುತ್ತ ಕೂತುಬಿಟ್ಟರು. ಮಗಳು ಟಿವಿ ಆರಿಸಿ ಡಿವಿಡಿಯನ್ನು ಚೀಲಕ್ಕೆ ಹಾಕಿಕೊಂಡಳು. ಮರುದಿನವೇ ಕಚೇರಿಗೆ ಹೋದಳು.

"ಸಾರ್, ನಮ್ಮಮ್ಮ ಹೀಗಿರಲಿಲ್ಲ."

"ಇದ್ದಾಗ ಇರಲಿಲ್ಲಮ್ಮ. ಈಗ ಅಗಲಿದ್ದಾರಲ್ಲ," ಎಂದ ಗುಮಾಸ್ತ.

"ಅಗಲೋದು ಬೇರೆ, ಅಗಲ ಆಗೋದು ಬೇರೆ ಅಲ್ವಾ?"

"ಮನೆಯಲ್ಲಿ ಬೇರೆ ಇರಬಹುದು. ಕಚೇರಿಯಲ್ಲಿ ಒಂದೇ. ಎಳೆಯೋದು ಬೇಡ ಅಂದ್ರೆ ಚಿತ್ರಾನ ಮೇಲೋ ಕೆಳಗೋ ಕತ್ತರಿಸಿ ಕೊಡ್ತೀವಿ. ತಲೆ ಬೇಕೋ, ಕಾಲು ಬೇಕೋ ಹೇಳಿ. ಎರಡೂ ಕೇಳಿದ್ರೆ ದುರಾಸೆ ಆಗುತ್ತೆ."

ಅವಳು ಯೂನಿಫಾರಂನಲ್ಲೇ ನೇರವಾಗಿ ದೊಡ್ಡ ಸಾಹೇಬರ ಕೋಣೆಗೆ ನುಗ್ಗಿದಳು. "ಪಕ್ಕದಲ್ಲಿ ಖಾಲಿ ಇದ್ರೂ ಪರವಾಗಿಲ್ಲ ಸಾರ್. ಅಮ್ಮ ಅಮ್ಮನ ಹಾಗೆ ಕಂಡ್ರೆ ಸಾಕು."

"ಜನ ನಿಂತಿರೋವಾಗ ನಿಮ್ಮ ಬಸ್ಸಲ್ಲಿ ಸೀಟು ಖಾಲಿ ಬಿಡ್ತೀರೇನಮ್ಮ?"

"ಬಿಡಲ್ಲ. ಆದ್ರೆ ಒಬ್ಬರನ್ನೇ ಎಳೆದು ಮೂರು ಸೀಟಿಗೆ ಹರಡೋದೂ ಇಲ್ಲ. ಬೇರೆಯವರನ್ನ ಕೂರಿಸ್ತೀವಿ."

ಸಾಹೇಬರಿಗೆ ಈ ಮಾತು ಬಹಳ ಹಿಡಿಸಿತು. ಖಾಲಿ ಜಾಗದಲ್ಲಿ ಕೂರಲು ಅರ್ಹರು ಯಾರೆಂದು ನಿರ್ಧರಿಸಲು ಸಾಹೇಬರ ಅಧ್ಯಕ್ಷತೆಯಲ್ಲಿ ಸಮಿತಿ ಸೇರಿ, ಸಾಹೇಬರೇ ಎಂದು ಒಮ್ಮತದಿಂದ ತೀರ್ಮಾನಿಸಿತು. ಕಪ್ಪು ಪಟ್ಟಿ ಕಿರಿದು, ಸಾಹೇಬರು ಹಿರಿದು. ಆದ್ದರಿಂದ ಅವರ ಫೋಟೋವನ್ನು ಎರಡೂ ಬದಿಯಿಂದ ಒತ್ತಿ ಕೂರಿಸಲಾಯಿತು. ಅವರು ಇನ್ನೂ ಅಗಲದವರಾದ್ದರಿಂದ ಮೊದಲ ನಿಯಮ ಅಡ್ಡ ಬರಲಿಲ್ಲ.

ಹೊಸ ಡಿವಿಡಿಯಲ್ಲಿ ಅಮ್ಮ ನಡುವೆ ತೆಳ್ಳಗೆ ನಿಂತು, ಒದ್ದೆ ಬಟ್ಟೆ ಕೊಡವಿ ನಕ್ಕಳು. ಎಡಕ್ಕೊಬ್ಬರು ಬಲಕ್ಕೊಬ್ಬರು ಸಾಹೇಬರು ಕೈಮುಗಿದು ನಿಂತಿದ್ದರು.

"ಬಂದಳಲ್ಲ!" ಎಂದರು ಅಪ್ಪ. ಮಗಳು ಯೂನಿಫಾರಂ ತೋಳಿನಿಂದ ಕಣ್ಣೊರೆಸಿಕೊಂಡಳು.

"ಆ ಕಡೆ ಈ ಕಡೆ ನಿಂತಿರೋರು ಯಾರಮ್ಮ?"

ಕಚೇರಿಯ ವಿಷಯವೆಲ್ಲ ವಿವರಿಸಲು ಹೋದರೆ ಬಂದ ನೆನಪೂ ಹೋದೀತೆಂದು ಅವಳು ಹೆದರಿದಳು. "ಅಮ್ಮನ ತಮ್ಮಂದಿರು ಅಪ್ಪಾ. ಅವಳಿಜವಳಿ."

"ಹೌದಲ್ವಾ! ಪಾಪ, ಎಷ್ಟು ಸೊರಗಿದ್ದಾರೆ. ಕೈಮುಗಿದು ಬೇಡ್ತಿದ್ದಾರಲ್ಲೇ, ಹಸಿದಿರಬೇಕು. ಊಟಕ್ಕೆ ಕೂರಿಸು."

ಅಂದಿನಿಂದ ಆ ಮನೆಯಲ್ಲಿ ಟಿವಿಯ ಮುಂದೆ ಎರಡು ತಟ್ಟೆ ಹೆಚ್ಚಿಗೆ ಇಡುತ್ತಾರೆ. ಸುದ್ದಿ ತಿಳಿದ ಕಚೇರಿ, ಪಕ್ಕದಲ್ಲಿ ಸಾಹೇಬರು ನಿಲ್ಲುವ ಈ ಸೌಲಭ್ಯವನ್ನು ಎಲ್ಲ ಕುಟುಂಬಗಳಿಗೂ ವಿಸ್ತರಿಸಿದೆ. ಯಾರಿಂದಲೂ ಆಕ್ಷೇಪಣೆ ಬಂದಿಲ್ಲ. ಅಪ್ಪನಿಗೆ ಹೆಂಡತಿಯ ಮುಖ ಈಗ ಮರೆಯುವುದಿಲ್ಲ. ಬಡಿಸಿದ್ದನ್ನು ಭಾವಮೈದುನರು ಮುಟ್ಟುವುದಿಲ್ಲ, ತನ್ನ ಮೇಲೆ ಏನೋ ಮುನಿಸಿರಬೇಕು ಎಂಬುದೊಂದೇ ಅವರ ಕೊರಗು.